ಕನ್ನಡಿ ಹಿಡಿದವಳ ಕಿರುಬೆರಳು

ನನ್ನ ತಂಗಿ ತನ್ನ ಮುಖವನ್ನು ತಾನೇ ಇಪ್ಪತ್ತು ಸಲ ಬರೆದಿದ್ದಾಳೆ. ಇಪ್ಪತ್ತು ಸಲವೂ ಕನ್ನಡಿ ಹಿಡಿದವಳು ನಾನು. ಚಿತ್ರ ನೋಡಿದವರೆಲ್ಲ ಕಣ್ಣು ಹಾಗಿದೆ, ಮೂಗು ಹೀಗಿದೆ ಎಂದು ಹೊಗಳಿದ್ದೇ ಹೊಗಳಿದ್ದು. ಕನ್ನಡಿ ಹಿಡಿದವಳ ತೋಳು ಏನಾಯಿತು ಎಂದು ಇವತ್ತಿನವರೆಗೆ ಒಂದು ನರಪಿಳ್ಳೆಯೂ ಕೇಳಿಲ್ಲ. ಕೇಳಲಿ ಎಂದೇನೂ ಅಲ್ಲ, ಸುಮ್ಮನೆ ಹೇಳಿಟ್ಟೆ.

ಅವಳು ಬಸ್ ಡಿಪೋದಲ್ಲಿ ಪೇಂಟರ್. ಬಸ್ಸಿನ ಹಣೆಯ ಮೇಲಿನ ನಂಬರು, ಪಕ್ಕೆಯ ಪಟ್ಟೆ, ಬೆನ್ನ ಮೇಲೆ 'ಅಂತರ ಕಾಯ್ದುಕೊಳ್ಳಿ' ಎನ್ನುವ ಬುದ್ಧಿವಾದ, ಎಲ್ಲ ಅವಳ ಕೈಬರಹ. ನಾನು ಲಾಂಡ್ರಿಯಲ್ಲಿ ಇಸ್ತ್ರಿಯವಳು, ದಿನಕ್ಕೆ ನೂರಿಪ್ಪತ್ತು ಅಂಗಿ. ಇಬ್ಬರಿಗೂ ಒಂದೇ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ರೈಲುಡಬ್ಬಿಯಂಥ ಉದ್ದನೆಯ ಪ್ಯಾಸೇಜು. ಅವಳು ಚಿಕ್ಕಂದಿನಿಂದಲೂ ಗುಮ್ಮನಗುಸಕಿ. ಹೊಟ್ಟೆನೋವು ಬಂದರೂ ತುಟಿ ಪಿಟಕ್ಕೆನ್ನುವವಳಲ್ಲ. ಅದಕ್ಕೇ ನಾನು ಅವಳನ್ನು ಗುಮ್ಮಿ ಎಂದು ಕರೆಯುವುದು. ಅವಳ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ನಾಲಗೆಗೆ ಇಸ್ತ್ರಿ ಒತ್ತಲಾಗುತ್ತದೆಯೇ, ಬಿಡಿ.

ಡಿಪೋದಲ್ಲಿ ಯಾವುದಾದರೂ ಮಾರ್ಗ ನಿಂತುಹೋದರೆ ಊರ ಹೆಸರು ಬರೆದ ಹಲಗೆಯನ್ನು ಮೂಲೆಗೆ ಎಸೆಯುತ್ತಾರೆ. ಅಂಥದ್ದೊಂದನ್ನು ಗುಮ್ಮಿ ವರ್ಷಕ್ಕೊಮ್ಮೆ, ತನ್ನ ಹುಟ್ಟುಹಬ್ಬದ ವಾರ, ಕಂಕುಳಲ್ಲಿ ಇರುಕಿಕೊಂಡು ಮನೆಗೆ ತರುತ್ತಿದ್ದಳು. ಬಿಳಿ ಬಳಿದು, ಉಜ್ಜಿ, ಮತ್ತೆ ಬಿಳಿ ಬಳಿದು, ಮೂರು ಭಾನುವಾರ ಕೂತು ತನ್ನ ಮುಖ ಬರೆಯುತ್ತಿದ್ದಳು. ಮೂಲೆಯಲ್ಲಿ ಬಸ್ಸಿನ ನಂಬರಿನಂತೆಯೇ ದಪ್ಪಕ್ಷರದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕುತ್ತಿದ್ದಳು. "ಯಾರಿಗಾಗಿ ಬರೀತೀಯೇ?" ಎಂದು ಕೇಳಿದ್ದೆ. "ಈ ವರ್ಷ ನಾನು ಹೇಗಿದ್ದೆ ಅಂತ ನಂಗೆ ಮರ್ತೋಗುತ್ತಲ್ಲ ಅಕ್ಕ," ಎಂದಳು. ಅಷ್ಟೇ ಉತ್ತರ.

ನಮ್ಮಲ್ಲಿದ್ದ ದೊಡ್ಡ ಕನ್ನಡಿ ಒಂದೇ, ಅಮ್ಮನ ಬೀರುವಿನ ಬಾಗಿಲಿನಿಂದ ಕಳಚಿ ಬಂದದ್ದು. ಬೆಳಕು ಬರುವುದು ಅಡುಗೆಮನೆಯ ಕಿಟಕಿಯಿಂದ ಮಾತ್ರ. ಬಿಸಿಲು ಸರಿದ ಹಾಗೆ ಕನ್ನಡಿಯನ್ನೂ ಓರೆ ಮಾಡುತ್ತಿರಬೇಕು, ಗೋಡೆಗೆ ಒರಗಿಸಿಟ್ಟರೆ ಆಗದು. ಹಾಗಾಗಿ ನಾನು ಕನ್ನಡಿಯ ಹಿಂದೆ ನಿಂತು ಎರಡೂ ಬದಿ ಹಿಡಿದುಕೊಳ್ಳುತ್ತಿದ್ದೆ. ನನಗೆ ಕಾಣುವುದು ಕನ್ನಡಿಯ ಬೆನ್ನಿನ ಕಂದು ಹಲಗೆ. ಅವಳಿಗೆ ಕಾಣುವುದು ಅವಳ ಮುಖ, ಆ ಕಡೆ ಈ ಕಡೆ ನನ್ನ ಎಂಟು ಬೆರಳು.

ಮೊದಲನೆಯ ವರ್ಷ ಚಿತ್ರ ಮುಗಿದಾಗ ನೋಡುತ್ತೇನೆ, ಮಹಾರಾಯಿತಿ ನನ್ನ ಬೆರಳನ್ನೂ ಬರೆದುಬಿಟ್ಟಿದ್ದಾಳೆ!

"ಇದ್ಯಾಕೆ?" ಎಂದೆ.

"ಹಲಗೆ ಉದ್ದ ಇದೆಯಲ್ಲ ಅಕ್ಕ. ಏನಾದ್ರೂ ತುಂಬಬೇಕು."

"ಹೂವು ಬರಿ, ಪರದೆ ಬರಿ. ಇಸ್ತ್ರಿ ಸುಟ್ಟ ಬೆರಳು, ಸೋಡಾ ತಿಂದ ಉಗುರು, ಇದನ್ನ ಗೋಡೆಗೆ ತೂಗುಹಾಕ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

ನಾಚಿಕೆ ನನಗಿತ್ತು. ಬಸ್ಸಿನಲ್ಲಿ ಕೂತರೆ ಕೈಯನ್ನು ಚೀಲದಡಿ ಬಚ್ಚಿಡುವವಳು ನಾನು. ಗುಮ್ಮಿ ಜಗಳಕ್ಕೆ ಬರಲಿಲ್ಲ. ಚಿತ್ರಕ್ಕೆ ಚೌಕಟ್ಟು ಹಾಕುವ, ಎಲ್ಲರೂ 'ಮೊಳೆ' ಎಂದು ಕರೆಯುವವನ ಹತ್ತಿರ ಹಲಗೆ ಒಯ್ದಳು. ಅವನಿಗೆ ಆ ಹೆಸರು ಬಂದದ್ದು ಯಾಕೆಂದರೆ ಸದಾ ನಾಲ್ಕು ಮೊಳೆ ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾನೆ. ನಾನೂ ಹಿಂದೆಯೇ ಹೋಗಿ, ಚೌಕಟ್ಟಿನ ಪಟ್ಟಿ ನಾಲ್ಕು ಬೆರಳಗಲ ಇರಲಿ, ನನ್ನ ಕೈ ಪೂರ್ತಿ ಮುಚ್ಚಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. "ಇಷ್ಟು ಅಗಲ ಬಾಗಿಲಿಗೂ ಹಾಕಲ್ಲ ಕಣ್ರೀ," ಎಂದ ಮೊಳೆಗಳ ಸಂದಿಯಿಂದ. ಹಾಕಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಅವಳು ಬರೆಯುವುದು, ಹಸಿ ಆರುತ್ತಲೇ ಮೊಳೆಯ ಅಂಗಡಿಗೆ ಒಯ್ಯುವುದು, ಚೌಕಟ್ಟಿನೊಳಗೆ ಬಂದ ಮೇಲೆ ಪ್ಯಾಸೇಜಿನ ಗೋಡೆಗೆ ಏರಿಸುವುದು. ನನ್ನ ಬೆರಳು ಪಟ್ಟಿಯಡಿ ಹೋಯಿತು, ನನ್ನ ತಲೆನೋವೂ ಹೋಯಿತು.

ಹಾಗೆ ಗೋಡೆ ತುಂಬಿತು. ಎರಡನೆಯದರಲ್ಲಿ ಹಲ್ಲುನೋವಿಗೆ ಕೆನ್ನೆ ಊದಿ, ಒಂದು ಕಣ್ಣು ಗುಬ್ಬಿಯ ಕಣ್ಣಿನಷ್ಟಾಗಿದೆ. ಅದನ್ನು ನೋಡಿದಾಗಲೆಲ್ಲ ನಾನು ನಗುತ್ತೇನೆ. ಏಳನೆಯದು ಅಮ್ಮ ತೀರಿಕೊಂಡ ವರ್ಷದ್ದು. ಅಮ್ಮನ ಸ್ವೆಟರನ್ನು ಒಳಹೊರಗು ತಿರುಗಿಸಿ ಹಾಕಿಕೊಂಡು ಕೂತಿದ್ದಾಳೆ, ತೋಳಿನ ಮೇಲೆ ಹೊಲಿಗೆಯ ಗಂಟುಗಳನ್ನು ಒಂದೊಂದಾಗಿ ಬರೆದಿದ್ದಾಳೆ. ಮೂರನೆಯದರ ಎದುರು ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಏಳು ತಿಂಗಳು ಅವಳ ಹೊಟ್ಟೆಯಲ್ಲಿದ್ದ ಕೂಸು ಕೈಗೆ ಬಾರದೆ ಹೋದ ವರ್ಷ ಅದು. ಕುಡಿಯುವವರಿಲ್ಲದೆ ಹಾಲು ಬಂದು ರವಿಕೆ ಎರಡು ಕಡೆ ಒದ್ದೆಯಾಗಿತ್ತು, ಅದನ್ನು ಹಾಗೆಯೇ ಬರೆದಳು. ಆ ಕೂಸಿನ ಅಪ್ಪ ಒಬ್ಬ ಡ್ರೈವರು, ಬೇರೆ ಡಿಪೋಗೆ ವರ್ಗ ಮಾಡಿಸಿಕೊಂಡು ಹೋದ. ಅವನ ಸುದ್ದಿ ಇಲ್ಲಿ ಬೇಡ.

ಈ ವರ್ಷ ಒಂದು ಬೆಳಿಗ್ಗೆ ಗುಮ್ಮಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿಯೇ ಸುರಿದುಹೋಯಿತು. ನಾನು ನೋಡುತ್ತೇನೆ, ಮುಖದ ಎಡಭಾಗವೆಲ್ಲ ಹಗ್ಗ ಬಿಚ್ಚಿದ ಪರದೆಯ ಹಾಗೆ ಜೋತುಬಿದ್ದಿದೆ. ಆಗಿಂದಾಗಲೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಮುಖದ ನರ ಊದಿಕೊಂಡಿದೆ. ಕೆಲವ್ರಿಗೆ ಪೂರ್ತಿ ಸರಿಹೋಗುತ್ತೆ, ಕೆಲವ್ರಿಗೆ ಸ್ವಲ್ಪ ಹಾಗೇ ಉಳಿಯುತ್ತೆ. ಕಾಯ್ಬೇಕು," ಎಂದರು. ಎಡಗಣ್ಣು ಮುಚ್ಚುತ್ತಿರಲಿಲ್ಲ; ಗಂಟೆಗೊಮ್ಮೆ ಹನಿ ಹಾಕಬೇಕು, ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಬೇಕು. ಮಾತು ತೊದಲುತ್ತಿತ್ತು. ಇಲ್ಲಿ ಅವಳ ಮಾತನ್ನು ನಾನು ನೆಟ್ಟಗೆ ಮಾಡಿಯೇ ಬರೆಯುತ್ತಿದ್ದೇನೆ. ಸುಕ್ಕು ಬಿಡಿಸುವುದು ನನ್ನ ಕೈಗಂಟಿದ ಚಟ.

ಆ ಚಟವೇ ನನ್ನ ಕೈಯಲ್ಲಿ ಒಂದು ತಪ್ಪು ಮಾಡಿಸಿತು. ಆಸ್ಪತ್ರೆಯಿಂದ ಬಂದ ದಿನವೇ ಅಮ್ಮನ ಕನ್ನಡಿಯ ಮೇಲೆ ದೊಡ್ಡ ಹಾಸುಬಟ್ಟೆ ಹೊದಿಸಿ, ನಾಲ್ಕು ಮೂಲೆಯನ್ನೂ ಪಿನ್ನು ಹಾಕಿ ಬಿಗಿದೆ. ಬಚ್ಚಲುಮನೆಯ ಚಿಕ್ಕ ಕನ್ನಡಿಯನ್ನು ಕಿತ್ತು ಪೆಟ್ಟಿಗೆಗೆ ಹಾಕಿದೆ. ಹೊಳೆಯುವ ಸ್ಟೀಲ್ ಮುಚ್ಚಳಗಳನ್ನು ಕೂಡ ಅಟ್ಟಕ್ಕೆ ಏರಿಸಿದೆ ಎಂದರೆ ನೋಡಿ. ಪಾಪ, ಕಂಡರೆ ಎದೆ ಒಡೆದುಕೊಂಡಾಳು ಎಂದು ನನ್ನ ಲೆಕ್ಕ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಬಾಯಲ್ಲಿ ತುತ್ತು ನಿಲ್ಲದವಳಿಗೆ ತನ್ನ ಮುಖ ಏನಾಗಿದೆ ಎಂದು ಗೊತ್ತಿರುವುದಿಲ್ಲವೇ? ಅಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ.

ಗುಮ್ಮಿ ಹಾಸುಬಟ್ಟೆಯ ಪಿನ್ನನ್ನು ಒಂದು ಸಲ ಬೆರಳಿಂದ ಮುಟ್ಟಿ ನೋಡಿ ಒಳಗೆ ಹೋದಳು. ಬೇಕು ಬೇಡ ಎಂದು ಅವಳು ಯಾವತ್ತು ಬಾಯಿಬಿಟ್ಟಿದ್ದಾಳೆ?

ಎರಡು ತಿಂಗಳಾಯಿತು. ಹುಟ್ಟುಹಬ್ಬದ ವಾರ ಬಂತು, ಹೋಯಿತು. ಹಲಗೆ ಬರಲಿಲ್ಲ. ಅವಳು ರಜೆಯ ಮೇಲೆ ಮನೆಯಲ್ಲೇ ಇದ್ದಳಲ್ಲ, ಡಿಪೋದ ಸ್ಟೋರಿನವರಿಗೆ ಹೇಳಿ ನಾನೇ ತರಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಒತ್ತಾಯ ಮಾಡಬಾರದು ಎಂದು ನಾನು ಸುಮ್ಮನಾದೆ. ನಾನು ಸುಮ್ಮನಾದದ್ದು ಜೀವಮಾನದಲ್ಲಿ ಎರಡೋ ಮೂರೋ ಸಲ, ಅದರಲ್ಲಿ ಇದೂ ಒಂದು, ಸುಮ್ಮನಾಗಬಾರದಿದ್ದ ಸಲ.

ಅದಾಗಿ ನಾಲ್ಕನೆಯ ದಿನ ಲಾಂಡ್ರಿಯಲ್ಲಿ ಉಗಿಯ ಬಾಯ್ಲರು ಕೆಟ್ಟು, ಮಧ್ಯಾಹ್ನಕ್ಕೇ ನಮ್ಮನ್ನು ಮನೆಗೆ ಕಳಿಸಿದರು. ಬಾಗಿಲು ತೆಗೆದರೆ ಪ್ಯಾಸೇಜಿನಲ್ಲಿ ಮೊಳೆ ಕುಕ್ಕರಗಾಲಲ್ಲಿ ಕೂತಿದ್ದಾನೆ, ಕೈಯಲ್ಲಿ ಇಕ್ಕುಳ. ಗೋಡೆ ಬೋಳುಬೋಳು. ಬಿಚ್ಚಿದ ಚೌಕಟ್ಟುಗಳು ಒಂದು ಕಡೆ ರಾಶಿ, ಹಲಗೆಗಳು ಇನ್ನೊಂದು ಕಡೆ ಸಾಲಾಗಿ ನೆಲದ ಮೇಲೆ, ಇನ್ನೂ ಬಿಚ್ಚದವು ಗೋಡೆಗೆ ಒರಗಿ.

"ಏನಯ್ಯಾ ಇದು?"

ಅವನು ಬಾಯಿಂದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. ಅದನ್ನು ನಾನು ಕಂಡದ್ದು ಅದೇ ಮೊದಲು.

"ನಿಮ್ ತಂಗಿ ಬರೋಕ್ ಹೇಳಿದ್ರು. ಎಲ್ಲ ಬಿಚ್ಕೊಡು, ಬಿಳಿ ಬಳಿದು ಹಲಗೆ ಡಿಪೋಗೆ ವಾಪಸ್ ಕೊಡ್ತೀನಿ ಅಂದ್ರು. ನಾನು ಬೆಳಿಗ್ಗೆ ಎಂಟಕ್ಕೆ ಬಂದಿದ್ದು ಕಣ್ರೀ. ಈಗ ಗಂಟೆ ಒಂದು. ಹನ್ನೆರಡು ಚೌಕಟ್ಟು ಬಿಚ್ಚೋಕೆ ಐದು ಗಂಟೆ ತಗೊಂಡಿದ್ದೀನಿ. ನಾನು ಯಾವತ್ತಾದ್ರೂ ಇಷ್ಟು ಸೋಮಾರಿ ಕೆಲಸ ಮಾಡಿದ್ದು ನೋಡಿದ್ದೀರಾ? ನೀವು ಬರ್ತೀರೇನೋ ಅಂತ ಎಳೀತಾ ಕೂತಿದ್ದೆ."

ಅಡುಗೆಮನೆಗೆ ಓಡಿದೆ. ಗುಮ್ಮಿ ಕಿಟಕಿಯ ಬಳಿ ಕೂತಿದ್ದಳು, ಪಕ್ಕದಲ್ಲಿ ಬಿಳಿ ಬಣ್ಣದ ಡಬ್ಬ, ಕೈಯಲ್ಲಿ ಅಗಲ ಬ್ರಷ್ಷು. ಮುಂದೆ ಹತ್ತೊಂಬತ್ತನೆಯ ಹಲಗೆ. ಕಳೆದ ವರ್ಷದ ಮುಖ, ನೆಟ್ಟಗಿದ್ದ ಕೊನೆಯ ಮುಖ. ಅದನ್ನೇ ಮೊದಲು ಬಳಿದಿದ್ದಳು. ಹಣೆ, ಕಣ್ಣು, ತುಟಿಯ ನಗು, ಎಲ್ಲ ಬಿಳಿಯಡಿ ಹೋಗಿತ್ತು.

"ಕೊಡೇ ಇಲ್ಲಿ ಬ್ರಷ್ಷು!" ಎಂದು ಕಿತ್ತುಕೊಂಡೆ. "ಹುಚ್ಚು ಹಿಡೀತಾ ನಿಂಗೆ? ಹತ್ತೊಂಬತ್ತು ವರ್ಷ ಕಣೇ! ನನ್ನ ತೋಳು ಬಿದ್ದುಹೋಗಿದೆ ಇದ್ರಲ್ಲಿ! ಯಾರನ್ನ ಕೇಳಿ ಬಳಿದೆ?"

"ನನ್ ಮುಖ. ನಾನ್ಯಾರನ್ನ ಕೇಳ್ಬೇಕು?"

"ಯಾಕೆ, ಯಾಕೆ ಅಂತ ಹೇಳು!"

ಆಗ ಗುಮ್ಮಿ ಮಾತಾಡಿದಳು. ಅಷ್ಟು ಉದ್ದ ಮಾತು ಅವಳ ಬಾಯಿಂದ ಬಂದದ್ದನ್ನೇ ನಾನು ಕೇಳಿರಲಿಲ್ಲ. ಜೋತ ತುಟಿಯನ್ನು ಒಂದು ಬೆರಳಿನಿಂದ ಎತ್ತಿ ಹಿಡಿದುಕೊಂಡು ಮಾತಾಡಿದಳು.

"ಇವರೆಲ್ಲ ಬೇರೆ ಯಾರೋ. ನಂಗೇ ಗುರುತಿಲ್ಲ. ಈಗಿರೋ ಮುಖ ನಿನ್ ಕೈಲೇ ನೋಡಕ್ಕಾಗ್ತಿಲ್ಲ. ಮನೆಯ ಕನ್ನಡಿಯೆಲ್ಲ ಮುಚ್ಚಿದೆ. ಮುಚ್ಚಳಾನೂ ಬಿಡ್ಲಿಲ್ಲ. ಊಟಕ್ಕೆ ಕೂತ್ರೆ ಬಲಗಡೆನೇ ಕೂರ್ತೀಯ. ಹನಿ ಹಾಕೋವಾಗ ಮಾತ್ರ ಈ ಕಡೆ ಬರ್ತೀಯ, ಹಾಕಿ ಓಡ್ತೀಯ. ಹುಟ್ಟಿದಾಗಿಂದ ನೋಡಿದೋಳು ನೀನೇ ಅಸಹ್ಯ ಪಟ್ರೆ ಇನ್ಯಾರು ನೋಡ್ತಾರೆ ಅಕ್ಕ? ಯಾವ ಧೈರ್ಯದ ಮೇಲೆ ಬರೀಲಿ ನಾನು?"

ಅಸಹ್ಯವೇ? ನನಗೇ? ಇವಳ ಮೂಗು ಸೋರುವಾಗ ನನ್ನ ಲಂಗದಲ್ಲಿ ಒರೆಸಿದವಳು ನಾನು. ಆದರೆ ಬಲಗಡೆ ಕೂರುತ್ತಿದ್ದದ್ದು ನಿಜ. ಎಡಗಡೆ ಕೂತರೆ ನನಗೆ ಅಳು ಬರುತ್ತಿತ್ತು. ಅವಳೆದುರು ಅಳಬಾರದು ಎಂದು ಜಾಗ ಬದಲಿಸಿದ್ದೆ. ಅದನ್ನು ಹೇಳಿರಲಿಲ್ಲ. ಊರಿನ ಮಾತೆಲ್ಲ ಆಡುವ ನಾನು ಅದೊಂದನ್ನು ಮಾತ್ರ ಹೇಳಿರಲಿಲ್ಲ.

ಅವಳ ಕಡೆ ನೋಡಲಾಗದೆ ಹಲಗೆಯ ಕಡೆ ನೋಡಿದೆ. ಆಗಲೇ ಕಂಡದ್ದು. ನಡುವೆ ಬಿಳಿಯೋ ಬಿಳಿ, ಮುಖದ ಗುರುತೇ ಇಲ್ಲ. ಆದರೆ ಎರಡು ಅಂಚಿನಲ್ಲಿ ನನ್ನ ಎಂಟು ಬೆರಳು ಹಾಗೇ ಇದ್ದವು. ಒಂದಕ್ಕೂ ಬಿಳಿ ತಾಗಿರಲಿಲ್ಲ. ಅಗಲ ಬ್ರಷ್ಷನ್ನು ಬೆರಳುಗಳ ಸುತ್ತ ನಿಧಾನವಾಗಿ ತಿರುಗಿಸಿ, ಉಗುರಿನ ಅಂಚು ಉಳಿಸಿಕೊಂಡು ಬಳಿದಿದ್ದಳು.

"ಇದ್ಯಾಕೆ ಬಿಟ್ಟೆ?" ಎಂದೆ.

ಗುಮ್ಮಿ ಬಣ್ಣದ ಡಬ್ಬದ ಮುಚ್ಚಳವನ್ನು ಒತ್ತಿ ಮುಚ್ಚಿದಳು.

ಪ್ಯಾಸೇಜಿಗೆ ಬಂದೆ. ಮೊಳೆ ಬಿಚ್ಚಿಟ್ಟ ಹಲಗೆಗಳ ಮುಂದೆ ಕೂತೆ. ಇಷ್ಟು ವರ್ಷ ಪಟ್ಟಿಯಡಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲವಲ್ಲ. ಎರಡನೆಯದರಲ್ಲಿ ತೋರುಬೆರಳಿಗೆ ಬಟ್ಟೆ ಸುತ್ತಿದೆ, ಆ ವರ್ಷ ಲಾಂಡ್ರಿಯಲ್ಲಿ ಸುಟ್ಟುಕೊಂಡದ್ದು. ಮೂರನೆಯದರಲ್ಲಿ ಗೆಣ್ಣುಗಳು ಬೆಳ್ಳಗೆ ಬಿಗಿದಿವೆ. ಆವತ್ತು ನಾನು ಕನ್ನಡಿಯ ಹಿಂದೆ ಸದ್ದಿಲ್ಲದೆ ಅಳುತ್ತಿದ್ದೆ. ಅವಳಿಗೆ ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಒಂದೊಂದು ಸುಟ್ಟ ಕಲೆಯನ್ನೂ ತನ್ನ ಕಣ್ರೆಪ್ಪೆಯಷ್ಟೇ ಜತನದಿಂದ ಬರೆದಿದ್ದಳು. ಮುಚ್ಚಿಹೋಗುತ್ತದೆ ಎಂದು ಗೊತ್ತಿದ್ದೂ ಬರೆದಿದ್ದಳು.

ಹನ್ನೊಂದನೆಯದನ್ನು ಎತ್ತಿಕೊಂಡೆ. ಆಗ ನನ್ನ ಗಂಡನೂ ಈ ಮನೆಯಲ್ಲೇ ಇದ್ದ, ಆ ವರ್ಷ ಬಿಟ್ಟುಹೋದ. ಕೆಲಸಕ್ಕೆಂದು ದೂರ ಹೋಗಿದ್ದಾನೆ ಎಂದು ಎಲ್ಲರಿಗೂ ಹೇಳಿದೆ, ಗುಮ್ಮಿಗೂ ಹೇಳಿದೆ. ಉಂಗುರ ಯಾಕಿಲ್ಲ ಎಂದರೆ ಸೋಪಿಗೆ ಜಾರುತ್ತದೆ ಎಂದೆ. ಎಂಟು ತಿಂಗಳು ಆ ಸುಳ್ಳನ್ನು ಸಾಕಿದೆ. ಹಲಗೆಯಲ್ಲಿ ನನ್ನ ಉಂಗುರದ ಬೆರಳಿದೆ. ಬೆರಳಿನ ಬುಡದಲ್ಲಿ ಬಿಸಿಲು ಕಾಣದ ಚರ್ಮದ ಸಣ್ಣ ಬಿಳಿ ಬಳೆ, ಅದರ ಪಕ್ಕ ಉಂಗುರವನ್ನು ಕಿತ್ತೆಸೆಯುವಾಗ ಆದ ಗೀರು. ಸೋಪಿಗೆ ಜಾರುವ ಉಂಗುರ ಗೀರು ಮಾಡುವುದಿಲ್ಲ.

ಹಲಗೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ. "ನಿಂಗೆ ಗೊತ್ತಿತ್ತಾ?"

"ಕಣ್ಣೆದುರೇ ಇತ್ತಲ್ಲ."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಅಳ್ತಿದ್ದೆ. ಕನ್ನಡಿ ಬೀಳ್ತಿತ್ತು."

ಪ್ಯಾಸೇಜಿನಲ್ಲಿ ಮೊಳೆ ಕೆಮ್ಮಿದ. ನಾನು ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ, ಎರಡೂ ಇರಬೇಕು. ಕುರ್ಚಿ ಎಳೆದುಕೊಂಡು ಅವಳ ಎಡಗಡೆಗೆ ಹಾಕಿ ಕೂತೆ. "ಇಲ್ಲಿ ನೋಡೇ," ಎಂದೆ. "ಅಸಹ್ಯ ಅಲ್ಲ ಕಣೇ, ನನ್ನಮ್ಮ. ಈ ಕಡೆ ಕೂತ್ರೆ ನಂಗೆ ಅಳು ತಡ್ಯಕ್ಕಾಗಲ್ಲ. ಅಕ್ಕ ಅನ್ನಿಸ್ಕೊಂಡೋಳು ಮುಂದೆ ಕೂತು ಗೊಳೋ ಅಂದ್ರೆ ನೀನು ಕುಗ್ಗಿಹೋಗ್ತೀಯ ಅಂತ ಆ ಕಡೆ ಓಡ್ದೆ. ಕನ್ನಡಿ ಮುಚ್ಚಿದ್ದು ದಡ್ಡತನ. ನಿನ್ನ ದಡ್ಡಿ ಅಕ್ಕ. ಬೈಯಿ ಬೇಕಾದ್ರೆ." ಹೇಳುತ್ತಲೇ ಕಣ್ಣಲ್ಲಿ ನೀರು ಸುರಿಯಿತು. "ನೋಡು, ಹೇಳ್ಲಿಲ್ವಾ," ಎಂದೆ.

ಗುಮ್ಮಿ ನನ್ನನ್ನೇ ನೋಡಿದಳು. ಆಮೇಲೆ ಅವಳ ಬಲಗೆನ್ನೆ ನಕ್ಕಿತು. ಎಡಗೆನ್ನೆ ಇದ್ದಲ್ಲೇ ಇತ್ತು. ನಾನು ಎಡಗೆನ್ನೆಯನ್ನೇ ನೋಡುತ್ತ ಕೂತೆ, ಅಭ್ಯಾಸವಾಗಲಿ ಎಂದು. ಸ್ವಲ್ಪ ಹೊತ್ತಿಗೆ ಅದೂ ನನ್ನ ತಂಗಿಯ ಕೆನ್ನೆಯೇ ಆಯಿತು.

ಕನ್ನಡಿಯ ಮೇಲಿನ ಹಾಸುಬಟ್ಟೆಯನ್ನು ನಾನೇ ಕಿತ್ತೆ. ಹಿಡಿಯಲು ಹೋದರೆ ಬಲಭುಜ ಏಳದು. ಹತ್ತೊಂಬತ್ತು ವರ್ಷ ಹಿಡಿದ ತೋಳು, ಮೇಲೆ ದಿನಕ್ಕೆ ನೂರಿಪ್ಪತ್ತು ಅಂಗಿ. "ನಿಂತ್ಕೋಬೇಡ, ಕೂತು ತೊಡೆ ಮೇಲಿಟ್ಕೋ," ಎಂದಳು ಗುಮ್ಮಿ. ಹಾಗೆಯೇ ಮಾಡಿದೆ. ಕನ್ನಡಿಯನ್ನು ತೊಡೆಯ ಮೇಲೆ ನಿಲ್ಲಿಸಿ ಎರಡು ಬದಿ ಹಿಡಿದುಕೊಂಡರೆ ಮೇಲಂಚಿನ ಮೇಲೆ ನನ್ನ ಗದ್ದ ಸರಿಯಾಗಿ ಕೂತಿತು. ಇಷ್ಟು ವರ್ಷ ಕಂದು ಹಲಗೆ ನೋಡುತ್ತಿದ್ದವಳಿಗೆ ಮೊದಲ ಸಲ ಅವಳು ಬರೆಯುವುದು ಎದುರಿಗೇ ಕಂಡಿತು. ತಲೆ ಓರೆ ಮಾಡುತ್ತಾಳೆ, ಉಸಿರು ಹಿಡಿಯುತ್ತಾಳೆ, ನಾಲಗೆಯ ತುದಿ ಕಚ್ಚುತ್ತಾಳೆ. ಎಡಗಣ್ಣು ಒಣಗಿದಾಗ ಬ್ರಷ್ಷು ಹಿಡಿದ ಕೈಯ ಮಣಿಕಟ್ಟಿನಿಂದಲೇ ರೆಪ್ಪೆಯನ್ನು ಒತ್ತಿ ಮುಚ್ಚುತ್ತಾಳೆ. ರೆಪ್ಪೆಗೆ ಬಣ್ಣ ಮೆತ್ತಿಕೊಂಡಿತು. ನನಗೆ ಮತ್ತೆ ಅಳು ಬಂತು.

"ಅಕ್ಕ, ಅಲುಗಾಡ್ಬೇಡ."

"ಅಲುಗ್ತಿಲ್ಲ."

"ಅಳ್ತಿದ್ದೀಯ. ಮೂಗು ವಕ್ರ ಬರ್ತಿದೆ."

"ಈಗ ಅದೊಂದು ನನ್ ತಪ್ಪಾ? ನಿನ್ ಮೂಗು ಮೊದ್ಲೇ ವಕ್ರ," ಎಂದೆ. ಅವಳ ಅರ್ಧ ಮುಖ ನಕ್ಕಿತು. ಆ ನಗುವನ್ನೇ ಬರೆದಳು.

ಬರೆದದ್ದು ಅದೇ ಬಿಳಿ ಬಳಿದ ಹತ್ತೊಂಬತ್ತನೆಯ ಹಲಗೆಯ ಮೇಲೆ, ನನ್ನ ಬೆರಳುಗಳ ನಡುವೆ. ಬೆರಳನ್ನು ಹೊಸದಾಗಿ ಬರೆಯಲಿಲ್ಲ. "ಇವು ಹಾಗೇ ಇವೆಯಲ್ಲ," ಎಂದಳು. ಮೂರು ಭಾನುವಾರ ಸಾಲಲಿಲ್ಲ, ಐದು ಹಿಡಿದವು. ಜೋತ ರೆಪ್ಪೆ, ಇಳಿದ ತುಟಿ, ಗದ್ದದ ಮೇಲೆ ನೀರು ಜಾರಿದ ಗೆರೆ, ಒಂದನ್ನೂ ಬಿಡಲಿಲ್ಲ, ಒಂದನ್ನೂ ಹೆಚ್ಚು ಮಾಡಲಿಲ್ಲ. ಬಿಳಿ ತಾಗದೆ ಉಳಿದಿದ್ದ ಮೂಲೆಯ ಹತ್ತೊಂಬತ್ತನ್ನು ಹೊಡೆದುಹಾಕದೆ, ಪಕ್ಕದಲ್ಲೇ ಇಪ್ಪತ್ತು ಎಂದು ಬರೆದಳು, ಮಾರ್ಗ ಬದಲಾದ ಬಸ್ಸಿಗೆ ಬರೆಯುವ ಹಾಗೆ. ಕಳೆದ ವರ್ಷದ ಮುಖ ಅಡಿಯಲ್ಲೇ ಉಳಿಯಿತು. ಅದು ಹೋದದ್ದಕ್ಕೆ ನನಗೆ ಈಗಲೂ ಸಂಕಟವಿದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ತುಟಿ ಈಗ ಸುಮಾರು ಸರಿಹೋಗಿದೆ. ರೆಪ್ಪೆ ಇನ್ನೂ ಪೂರ್ತಿ ಮುಚ್ಚುವುದಿಲ್ಲ. ಡಿಪೋಗೆ ಹೋಗುತ್ತಾಳೆ, ಕನ್ನಡಕ ಹಾಕಿಕೊಂಡು ನಂಬರು ಬರೆಯುತ್ತಾಳೆ.

ಇಪ್ಪತ್ತು ಹಲಗೆಗಳಿಗೆ ಎಂದು ಹೇಳಲು ಹೋದೆ, ಹತ್ತೊಂಬತ್ತಕ್ಕೇ. ಹತ್ತೊಂಬತ್ತಕ್ಕೂ ಮೊಳೆ ಹೊಸ ಚೌಕಟ್ಟು ಹಾಕಿಕೊಟ್ಟ. ಪಟ್ಟಿ ಒಂದು ಬೆರಳಗಲ ಮೀರಬಾರದು ಎಂದು ನಾನೇ ಅಂಗಡಿಗೆ ಹೋಗಿ ಕಡ್ಡಿ ಮುರಿದು ಬಂದಿದ್ದೆ. ಆದರೂ ಅವನೇ ಬಂದು ಗೋಡೆಗೆ ಏರಿಸಿದ ದಿನ, ಕೊನೆಯ ಹಲಗೆಯ ಮುಂದೆ ಕನ್ನಡಕ ಹಾಕಿಕೊಂಡು ನಿಂತು ಒಂದೊಂದಾಗಿ ಎಣಿಸಿದೆ. ಎಡಗಡೆ ನಾಲ್ಕು ಸರಿಯಿದ್ದವು. ಬಲಗಡೆ ಮೂರೂಮುಕ್ಕಾಲು.

"ಏನಯ್ಯಾ ಮೊಳೆ," ಎಂದೆ, "ನನ್ನ ಕಿರುಬೆರಳಿನ ಉಗುರೆಲ್ಲಿ?"

"ಒಂದು ಕೂದಲೆಳೆ ಪಟ್ಟಿಯಡಿ ಹೋಗಿದೆ ಕಣ್ರೀ. ಯಾರಿಗೆ ಕಾಣುತ್ತೆ ಅದು?"

"ನಂಗೆ ಕಾಣುತ್ತೆ. ಬಿಚ್ಚು, ಮತ್ತೆ ಹಾಕು."

ಗುಮ್ಮಿ ಅಡುಗೆಮನೆಯಿಂದ ಗಟ್ಟಿಯಾಗಿ ನಕ್ಕಳು. ಮೊಳೆ ನಾಲ್ಕು ಮೊಳೆಗಳನ್ನು ತುಟಿಗೆ ಕಚ್ಚಿಕೊಂಡು, ಏನೋ ಗೊಣಗುತ್ತ ಇಕ್ಕುಳ ತೆಗೆದ.